ನಿಮ್ಮ ಮನೆಯವರಿಗೆ ಹೇಳಿ

ಇಬ್ಬರಿಗೂ ಇದ್ದ ಆ ಒಂದೇ ಫೋನಿನಲ್ಲಿ ಸ್ಪೀಕರ್ ಹಾಕದಿದ್ದರೆ ಏನೂ ಕೇಳಿಸುತ್ತಿರಲಿಲ್ಲ. ಹಾಗಾಗಿ ಅದು ರಿಂಗಾದಾಗ ಗಂಡ ಹೆಂಡತಿ ಇಬ್ಬರೂ ಅದರ ಮೇಲೆ ಬಗ್ಗಿ ಒಟ್ಟಿಗೇ "ಹಲೋ" ಅಂದರು.

"ಕರ್ಟನ್ ಅಂಗಡಿಯಿಂದ ಮಾತಾಡ್ತಿರೋದು. ನಿಮ್ಮ ಮನೆಯವರಿಗೆ ಹೇಳಿ, ನಾಳೆಯಿಂದ ಕೆಲಸಕ್ಕೆ ಬರ್ಲಿ." ಹಿಂದೆ ಹೊಲಿಗೆ ಮೆಷಿನ್‌ಗಳ ಗದ್ದಲ. ಫೋನ್ ಕಟ್ಟಾಯಿತು. ತಿರುಗಿ ಮಾಡಿದರೆ ಯಾರೂ ಎತ್ತಲಿಲ್ಲ.

ಅವಳು ಕೈಲಿದ್ದ ಪೊರಕೆಯನ್ನು ಮೂಲೆಗೆ ಎಸೆದಳು. "ರೀ, ನಿಮಗೆ ಸಿಕ್ತು!"

"ನನಗೆಲ್ಲಿ? ಹಲೋ ಅಂದಿದ್ದು ನಾನು. ನನ್ನ ಮನೆಯವರು ಅಂದ್ರೆ ನೀನೇ ಅಲ್ವಾ?"

"ನಾನೂ ಹಲೋ ಅಂದೆ."

"ನನ್ನ ದನಿ ಜೋರು."

"ಅದೇನೋ ನಿಜ. ನೀವು ಗೊರಕೆ ಹೊಡೆದ್ರೆ ಪಕ್ಕದ ಮನೆ ಮಗು ಎದ್ದು ಅಳತ್ತೆ."

ಈ ಊರಿಗೆ ಬಂದ ಮೇಲೆ ಕೆಲಸಕ್ಕಾಗಿ ಇಬ್ಬರೂ ಹತ್ತದ ಮೆಟ್ಟಿಲಿಲ್ಲ. ಈ ವಾರವೂ ಕೆಲಸ ಸಿಗದಿದ್ದರೆ ಗಂಟುಮೂಟೆ ಕಟ್ಟಿ ಮತ್ತೆ ಅಣ್ಣನ ಮನೆಗೆ ಹೋಗಬೇಕಿತ್ತು, ಅತ್ತಿಗೆ ಪಾತ್ರೆ ಕುಕ್ಕುವ ಸದ್ದಿನಲ್ಲೇ ಅರ್ಥ ಹುಡುಕಬೇಕಿತ್ತು. ಆದರೆ ಅವಳನ್ನು ಕಾಡುತ್ತಿದ್ದದ್ದು ಇನ್ನೊಂದು. ಕರ್ಟನ್ ಅಂಗಡಿಗೆ ಬೇಕಾಗಿದ್ದದ್ದು ಒಬ್ಬರೇ. ಮೊನ್ನೆ ಪರೀಕ್ಷೆಗೆಂದು ಇಬ್ಬರಿಗೂ ಒಂದೊಂದು ದಿಂಬಿನ ಕವರ್ ಹೊಲಿಯಲು ಕೊಟ್ಟಿದ್ದರು. ಹಳೆ ಊರಿನಲ್ಲಿ ಇದ್ದದ್ದೇ ಒಂದು ಮೆಷಿನ್. ಅವನು ಅಂಚಿಗೆ ಪೈಪಿಂಗ್ ಪಟ್ಟಿ ಕೂರಿಸಿ ಎದ್ದರೆ ಅವಳು ಕೂತು ಜಿಪ್ ಹಾಕುತ್ತಿದ್ದಳು. ಅವನ ಜಿಪ್ ಸೊಟ್ಟ, ಅವಳ ಪೈಪಿಂಗ್ ಸುಕ್ಕು. ಅಂಗಡಿಯ ಯಜಮಾನಿ ಅತ್ತ ತಿರುಗಿದ್ದೇ ತಡ, ಅಭ್ಯಾಸಬಲದಿಂದ ಕವರ್‌ಗಳು ಆ ಮೆಷಿನ್‌ನಿಂದ ಈ ಮೆಷಿನ್‌ಗೆ ಹೋಗಿ ಬಂದಿದ್ದವು. ಕೊನೆಗೆ ಯಾವುದು ಯಾರದು ಎಂದು ಅವರಿಗೇ ತಿಳಿಯಲಿಲ್ಲ.

ಬೆಳಿಗ್ಗೆ ಎದ್ದು ಅವಳು ಅವನ ಅಂಗಿಗೆ ಇಸ್ತ್ರಿ ಹಾಕಿ, ಅವನಿಗೆಂದು ಊಟದ ಡಬ್ಬಿ ಕಟ್ಟಿದಳು. ಬಾಗಿಲಿಗೆ ಬಂದರೆ, ಅವನು ಹೊಸ್ತಿಲ ಮೇಲೆ ಕೂತು ಅವಳ ಚಪ್ಪಲಿಯ ಕಿತ್ತ ಪಟ್ಟಿ ಹೊಲಿಯುತ್ತಿದ್ದ.

"ಏನ್ರೀ ಇದು?"

"ಮೊದಲ ದಿನ ಕಾಲೆಳ್ಕೊಂಡು ಹೋಗ್ತೀಯಾ?"

ಕೊನೆಗೆ ಇಬ್ಬರೂ ಹೊರಟರು.

ಅಂಗಡಿಯಲ್ಲಿ ಯಜಮಾನಿ ಕನ್ನಡಕವನ್ನು ಹಣೆಗೇರಿಸಿ ಇಬ್ಬರನ್ನೂ ನೋಡಿದಳು. "ಒಬ್ರನ್ನ ಕರೆದ್ರೆ ಜೋಡಿಯಾಗಿ ಬಂದಿದ್ದೀರಲ್ಲ?"

"ಮನೆಯವರಿಗೆ ಹೇಳಿ ಅಂದ್ರಲ್ಲಮ್ಮಾ, ಯಾರ ಮನೆಯವರು ಅಂತ ಗೊತ್ತಾಗ್ಲಿಲ್ಲ," ಎಂದ ಅವನು.

ಯಜಮಾನಿ ನಗಲಿಲ್ಲ. ಮೇಜಿನ ಖಾನೆಯಿಂದ ಒಂದು ಕವರ್ ತೆಗೆದು ಇಬ್ಬರ ಮುಂದೆ ಹಿಡಿದಳು. ನೀಲಿ ಬಟ್ಟೆ, ಗೆರೆ ಎಳೆದಂಥ ಪೈಪಿಂಗ್, ಇದೆಯೋ ಇಲ್ಲವೋ ಎನ್ನುವಂಥ ಜಿಪ್. "ನನಗೆ ಬೇಕಾಗಿರೋದು ಇದನ್ನ ಹೊಲಿದವರು. ಖಾಲಿ ಇರೋದು ಒಂದೇ ಮೆಷಿನ್, ಒಂದೇ ಸಂಬಳ. ಯಾರು, ಕೈ ಎತ್ತಿ."

ನಿಜ ಹೇಳಿದರೆ ಇಬ್ಬರಿಗೂ ಬಾಗಿಲು ತೋರಿಸಿಬಿಟ್ಟರೆ? ಒಬ್ಬರಿಗಾದರೂ ಸಿಗಲಿ ಎಂದು ಹೆಂಡತಿ ಗಂಡನ ಮೊಣಕೈ ಹಿಡಿದು ಮೇಲೆತ್ತಿದಳು. ಅಷ್ಟರಲ್ಲಿ ಅವಳ ಇನ್ನೊಂದು ಕೈ ತಾನಾಗಿಯೇ ಮೇಲೇರಿತು. ನೋಡಿದರೆ, ಎತ್ತಿದವನು ಅವನೇ.

ಯಜಮಾನಿ ಆ ಎರಡು ಕೈಗಳನ್ನು ನೋಡಿದಳು, ಕವರನ್ನು ತಿರುವಿ ಜಿಪ್ ನೋಡಿದಳು, ಮತ್ತೆ ತಿರುವಿ ಪೈಪಿಂಗ್ ನೋಡಿದಳು. ಕನ್ನಡಕ ಹಣೆಯಿಂದ ಮೂಗಿಗೆ ಇಳಿಯಿತು.

"ಸಂಬಳ ಮಾತ್ರ ಒಂದೇ. ಆಮೇಲೆ ತಕರಾರು ತೆಗೀಬಾರ್ದು," ಅಂದವಳು ಒಳಗೆ ಮುಖ ಮಾಡಿ ಕೂಗಿದಳು: "ಏಯ್, ಆ ಮೂಲೆ ಮೆಷಿನ್ ಹತ್ರ ಇರೋ ಸ್ಟೂಲ್ ತೆಗೆದು, ಬೆಂಚ್ ಹಾಕ್ರೋ!"