ಮಗ್ಗದೊಳಗಿನ ಚಪ್ಪಲಿ

"ಇದು ನಿಂದೇ ತಾನೆ?"

ವಕೀಲ ವೇಣುಗೋಪಾಲ್ ಮೇಜಿನ ಮೇಲೆ ಹಳೇ ಪೇಪರು ಹಾಸಿ, ಅದರ ಮೇಲೆ ಒಂದು ಹರಿದ ಚಪ್ಪಲಿ ಇಟ್ಟರು. ಎಡಗಾಲಿನದು. ಹಿಮ್ಮಡಿಯ ಕಡೆ ಸವೆದು ತೂತು ಬಿದ್ದಿತ್ತು. ಕಿತ್ತುಹೋದ ಬಾರಿಗೆ ಪಿನ್ನು ಹಾಕಿತ್ತು, ಪಿನ್ನಿಗೆ ಕರಿ ದಾರದ ತುಂಡೊಂದು ಸಿಕ್ಕಿಕೊಂಡಿತ್ತು. ಎದುರಿಗೆ ನಿಂತಿದ್ದ ಭೀಮರಾಜ ಬಗ್ಗಿ ನೋಡಿದ. ಅದು ಅವನದೇ.

ದೊಡ್ಡಬಳ್ಳಾಪುರದ ಆ ಮಗ್ಗದ ಶೆಡ್ಡಿನಲ್ಲಿ ಅವನು ಹನ್ನೊಂದು ವರ್ಷದಿಂದ ರಿಪೇರಿ ಕೆಲಸದವನು. ಅಲ್ಲಿ ಯಾರ ಚಪ್ಪಲಿಯೂ ಹೊಸ್ತಿಲು ದಾಟುವಂತಿಲ್ಲ. ಮಗ್ಗ ಅಂದರೆ ದೇವರು. ಅಂಥ ಕಡೆ, ಬಂದು ನಾಲ್ಕೇ ದಿನವಾದ, ಊರವರೆಲ್ಲ ಬಂದು ಬಾಯಿ ಬಿಟ್ಟುಕೊಂಡು ನೋಡಿ ಹೋದ ಹೊಸ ಮಗ್ಗ ಇವತ್ತು ಬೆಳಿಗ್ಗೆ ಕಿರುಚಿ ನಿಂತಿತ್ತು. ಬಿಚ್ಚಿ ನೋಡಿದರೆ ಒಳಗೆ ಈ ಚಪ್ಪಲಿ. ಹಲ್ಲುಚಕ್ರಗಳು ಪುಡಿಪುಡಿ.

"ಇದಕ್ಕೆ ಸ್ಯಾಬೊಟಾಜ್ ಅಂತಾರೆ, ಭಾವ." ವಕೀಲರು ಮಾಲೀಕ ಕೆಂಪರಾಜುವಿನ ಬಾಮೈದ. "ಫ್ರಾನ್ಸಲ್ಲಿ ಮರದ ಮೆಟ್ಟಿಗೆ ಸಾಬೊ ಅಂತಾರೆ. ಹೊಸ ಮಿಷನ್ ಬಂದ್ರೆ ಕೆಲ್ಸ ಹೋಗುತ್ತೆ ಅಂತ ಕೂಲಿಯೋರು ಆ ಮೆಟ್ಟನ್ನೇ ಮಿಷನ್‌ಗೆ ಎಸೆದ್ರಂತೆ. ಅಲ್ಲಿಂದ ಬಂದಿದ್ದು ಈ ಪದ."

ಪದಗಳ ಬೇರು ಹುಡುಕುವವರು ಈ ಕಥೆಯನ್ನು ಅಷ್ಟಾಗಿ ನಂಬುವುದಿಲ್ಲ. ಮರದ ಮೆಟ್ಟು ಹಾಕಿಕೊಂಡು ಟಕಟಕ ಎಂದು ಒಡ್ಡೊಡ್ಡಾಗಿ ನಡೆಯುವ ಹಾಗೆ, ಕೆಲಸವನ್ನೂ ಬೇಕೆಂದೇ ಒಡ್ಡೊಡ್ಡಾಗಿ ಮಾಡಿ ಕೆಡಿಸುವುದಕ್ಕೆ ಆ ಹೆಸರು ಬಂತು ಎನ್ನುತ್ತಾರೆ. ಆದರೆ ಕಣ್ಣೆದುರು ಚಪ್ಪಲಿ ಬಿದ್ದಿರುವಾಗ ಯಾವ ವಕೀಲ ನಿಘಂಟು ತೆರೆಯುತ್ತಾನೆ?

ಹೊಸ ಮಗ್ಗ ಇಳಿದ ದಿನ, ಇನ್ನು ನಾಲ್ಕು ಜನಕ್ಕೆ ಕೆಲಸವಿಲ್ಲ ಎಂದು ಕೆಂಪರಾಜು ಹೇಳಿದಾಗ, ಎಲ್ಲರ ಎದುರು ಭೀಮರಾಜ ಬಾಯಿ ಜಾರಿ ಅಂದಿದ್ದ: "ಇದು ಅದೆಷ್ಟು ದಿನ ಓಡುತ್ತೋ ನಾನೂ ನೋಡ್ತೀನಿ." ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು.

"ದೇವ್ರಾಣೆ ನಾನಲ್ಲ ಅಣ್ಣ. ಮೊನ್ನೆ ಬಾಗಿಲಲ್ಲಿ ಬಿಟ್ಟಿದ್ದೆ. ಸಾಯಂಕಾಲ ನೋಡಿದ್ರೆ ಒಂದೇ ಇತ್ತು. ನಾಯಿ ಕಚ್ಕೊಂಡು ಹೋಯ್ತು ಅಂದ್ಕೊಂಡೆ."

"ನಾಯಿ ಬಂದು ಮಗ್ಗ ಹತ್ತಿತಾ?" ವಕೀಲರು ಬಿಳಿ ಹಾಳೆಯೊಂದನ್ನು ಅವನತ್ತ ತಳ್ಳಿ, ಫೋನ್ ಕೈಗೆತ್ತಿಕೊಂಡರು. "ತಪ್ಪಾಯ್ತು ಅಂತ ಬರ್ದು ಕೆಲ್ಸ ಬಿಟ್ಟು ಹೋಗು. ಇಲ್ಲಾಂದ್ರೆ ಸ್ಟೇಷನ್."

ಕೆಂಪರಾಜು ಮುಖ ಕೊಡಲಿಲ್ಲ. "ಮನೆಯವನ ಥರ ನೋಡ್ಕೊಂಡೆ ಕಣೋ ಭೀಮಾ," ಎಂದಷ್ಟೇ ಅಂದ.

ಯಾರು ತಂದು ಹಾಕಿದರು? ತನ್ನ ಮೇಲೆ ಇಷ್ಟೊಂದು ಹಗೆ ಯಾರಿಗೆ? ಯೋಚಿಸಿದಷ್ಟೂ ಭೀಮರಾಜನಿಗೆ ಭಯವೇ ಹೆಚ್ಚಾಯಿತು. ರಾಜಘಟ್ಟದ ಮನೆಯಲ್ಲಿ ಹೆಂಡತಿ ಶಿಲ್ಪ ಏಳು ತಿಂಗಳ ಬಸುರಿ. ಗಂಡ ಜೈಲಿಗೆ ಹೋದ ಅಂತ ಕೇಳಿದರೆ ಅವಳು ಉಳಿಯುತ್ತಾಳಾ? ಕೆಲಸ ಹೋದರೆ ಹೋಗಲಿ. ಅವನು ಪೆನ್ನು ಎತ್ತಿಕೊಂಡ. ಮಾಡದ ತಪ್ಪನ್ನು ಬರೆಯುವುದಕ್ಕೆ ಬೆರಳುಗಳು ಬೇಗ ಒಪ್ಪಲಿಲ್ಲ. ಆದರೂ ಬರೆದ. ಸಹಿಯೊಂದು ಬಾಕಿ ಇತ್ತು.

ಅಷ್ಟರಲ್ಲಿ ಕೆಂಪರಾಜುವಿನ ತಾಯಿ ಪಿಳ್ಳಮ್ಮ ಬಾಗಿಲಿಗೆ ಬಂದರು. ಒಂದು ಕೈಯಲ್ಲಿ ಮಗನ ಹಳೇ ಬೂಟು, ಇನ್ನೊಂದರಲ್ಲಿ ಕರಿ ದಾರದ ಉಂಡೆ.

"ಭೀಮಾ, ಇದನ್ನ ಹೊಸ ಮಗ್ಗಕ್ಕೆ ಗಟ್ಟಿಯಾಗಿ ಕಟ್ಟಪ್ಪ. ಜನದ ದೃಷ್ಟಿ ತಾಗಿ ಕೆಟ್ಟೋಗೈತೆ. ಇವನು ನಗ್ತಾನೆ ಅಂತ ಮೊನ್ನೆ ಹಿಂದ್ಗಡೆ ಕಾಣ್ದಂಗೆ ನಾನೇ ಒಂದು ಚಪ್ಪಲಿ ಕಟ್ಟಿದ್ದೆ. ಎಲ್ಲೋ ಬಿದ್ದೋಗೈತೆ."

"ಯಾರ ಚಪ್ಪಲಿ ಅಮ್ಮಾ?" ಕೆಂಪರಾಜುವಿನ ದನಿ ಕುಸಿದಿತ್ತು.

"ಯಾರೋ ಬಾಗಿಲಲ್ಲಿ ಬಿಸಾಕಿದ್ರು ಕಣಪ್ಪ, ಅಷ್ಟು ಹರಿದಿದ್ದನ್ನ ಇನ್ಯಾರು ಮೆಟ್ಕೊಂತಾರೆ?"