ಟಾನಿಕ್ಕಿನ ಬಾಟ್ಲಿ

"ಮಲ ಕಪ್ಪಾ? ಹೆದರಬೇಡಿ ಪೂವಮ್ಮ, ಕಬ್ಬಿಣದ ಟಾನಿಕ್ ಕುಡಿದರೆ ಹಾಗೆಯೇ ಆಗ್ತದೆ" ಎಂದು ಪಾಣೆಮಂಗಳೂರಿನ ಡಾಕ್ಟರು ನಕ್ಕು, ಮತ್ತೆ ತುಂಬಿಸಿ ಕೊಡಲು ಖಾಲಿ ಬಾಟ್ಲಿಗೆ ಕೈಚಾಚಿದರು. ವಾರಿಜಾ ಬಾಟ್ಲಿಯನ್ನು ಬಿಡಲಿಲ್ಲ.

"ಕೊಡು ಮಾರಾಯ್ತಿ, ಅದೇನು ನಿನ್ನ ತವರಿನ ಚಿನ್ನವಾ?" ಎಂದು ಅತ್ತೆ ಪೂವಮ್ಮ ಗದರಿ, ಡಾಕ್ಟರ ಕಡೆ ತಿರುಗಿದರು. "ನನ್ನ ಸೊಸೆ ಒಂದು ಹೊತ್ತೂ ತಪ್ಪಿಸ್ಲಿಲ್ಲ ಡಾಕ್ಟ್ರೇ. ಎಷ್ಟು ಸಿಹಿ ಉಂಟು ನಿಮ್ಮ ಮದ್ದು!" ಅಷ್ಟು ಹೇಳುವುದರೊಳಗೆ ಅವರಿಗೆ ಏದುಸಿರು ಬಂತು, ತುಟಿ ಬಿಳಿಚಿತ್ತು.

ಮದ್ದು ತಂದ ಮರುದಿನವೇ ಬಾಟ್ಲಿ ವಾರಿಜಾಳ ಕೈಜಾರಿ, ಒಡೆಯದಿದ್ದರೂ ಮದ್ದಷ್ಟೂ ಅಡುಗೆಮನೆಯ ನೆಲದ ಪಾಲಾಗಿತ್ತು. ಬೈಗುಳಕ್ಕೆ ಹೆದರಿ ಅವಳು ಅದಕ್ಕೆ ಬೆಲ್ಲದ ಪಾಕ ತುಂಬಿಸಿದ್ದಳು. ಮೂರು ವಾರ ಚಮಚದಲ್ಲಿ ಅಳೆದು ಅಳೆದು ಅದನ್ನೇ ಕುಡಿಸಿದ್ದಳು. ಅಜ್ಜಿಯ ಕಥೆಗಳಲ್ಲಾದರೆ ಸುಳ್ಳು ಹೇಳಿದವರ ಬಾಯಿಂದ ಚೇಳು ಉದುರುತ್ತಿತ್ತು. ಇಲ್ಲಿ ಬಾಟ್ಲಿಯ ಬಾಯಿಂದ ಒಂದು ಇರುವೆ ಇಳಿದು ಅವಳ ಬೆರಳು ಹತ್ತಿತು. ಟಾನಿಕ್ಕನ್ನೇ ಕುಡಿಯದವರಿಗೆ ಆ ಕಪ್ಪು ಎಲ್ಲಿಂದ ಬಂತು?

"ಇದರಲ್ಲಿ ಟಾನಿಕ್ ಇರಲಿಲ್ಲ ಡಾಕ್ಟ್ರೇ. ಬೆಲ್ಲ. ನಾನೇ ಹಾಕಿದ್ದು."

ಡಾಕ್ಟರ ನಗು ಆರಿತು. ಪೂವಮ್ಮನ ಕಣ್ಣಿನ ರೆಪ್ಪೆಯನ್ನು ಕೆಳಗೆಳೆದು ನೋಡಿ, "ಹಾಗಾದರೆ ಅದು ಹೊಟ್ಟೆಯೊಳಗೆ ಸೋರುವ ರಕ್ತ. ಈಗಲೇ ಮಂಗಳೂರಿನ ಆಸ್ಪತ್ರೆಗೆ ಹೋಗಿ" ಎಂದರು.

ಬೈಗುಳಕ್ಕೆ ಕಾಯುತ್ತ ವಾರಿಜಾ ತಲೆ ತಗ್ಗಿಸಿ ನಿಂತಳು. ಪೂವಮ್ಮ ಬೈಯಲಿಲ್ಲ, ಎದ್ದು ನಿಲ್ಲಲು ಅವಳ ಹೆಗಲನ್ನೇ ಹುಡುಕಿದರು.