ಪಾತ್ರೆಯ ಅಂಚು

ನೀಲಪ್ಪ ಕುಡಿದು ಕೊಟ್ಟ ದ್ರಾಕ್ಷಾರಸದ ಪಾತ್ರೆ ಎಡಗೈಗೆ ಬಂದೊಡನೆ, ಹನೋಕ ಮಾಸ್ತರರ ಬಲಗೈ ಎಂದಿನಂತೆ ಕೋಟಿನ ಜೇಬಿನಿಂದ ಕರವಸ್ತ್ರವನ್ನು ಎಳೆಯತೊಡಗಿತು. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ಈಗ ಪೆನ್ಶನ್ ಪಡೆಯುತ್ತಿದ್ದ ಮಾಸ್ತರರು, ಚರ್ಚಿನಲ್ಲಿ ಎಲ್ಲರೂ ಸರದಿಯಂತೆ ಒಂದೇ ಪಾತ್ರೆಯಿಂದ ಕುಡಿಯುವ ಕರ್ತನ ಭೋಜನದಲ್ಲಿ, ಅದರ ಅಂಚನ್ನು ಒರೆಸದೆ ಎಂದೂ ಕುಡಿದವರಲ್ಲ. ಪಾದ್ರಿಗಳೇ ಕುಡಿದು ಕೊಟ್ಟರೂ ಒರೆಸುತ್ತಿದ್ದರು. "ನಮ್ಮ ಮಾಸ್ತರ್ರಿಗೆ ದೇವರಕಿಂತಾ ಕ್ರಿಮಿ ಮ್ಯಾಲೆ ನಂಬಿಗಿ ಜಾಸ್ತಿ" ಎಂದು ಸಭೆಯ ಹಿರಿಯರಾದ ಜಕರಿಯಪ್ಪ ಪ್ರತಿ ಸಲವೂ ನಗುತ್ತಿದ್ದರು.

ಇಂದು ಅದೇ ಜಕರಿಯಪ್ಪ ಪಕ್ಕದಲ್ಲಿ ನಿಂತು ಪಿಸುಗುಟ್ಟಿದರು: "ಛಂದಂಗ ಒರಸ್ರಿ ಮಾಸ್ತರ್ರ. ಮುಂದ ನಾವೂ ಕುಡೀಬೇಕಲ್ಲ."

ಮಾಸ್ತರರ ಕೈ ಅಲ್ಲೇ ನಿಂತಿತು. ನೀಲಪ್ಪ ಕೆಲಗೇರಿಯಲ್ಲಿ ಚಪ್ಪಲಿ ಹೊಲಿಯುವವ, ಹೋದ ಭಾನುವಾರವಷ್ಟೇ ದೀಕ್ಷಾಸ್ನಾನ ಪಡೆದವ. ಮಾಸ್ತರರ ಹಳೆಯ ಚಟ ಅವನಿಗೆ ಗೊತ್ತಿರಲಿಲ್ಲ. ಅವನು ರೆಪ್ಪೆ ಬಡಿಯದೆ ಆ ಬಿಳಿ ಬಟ್ಟೆಯನ್ನೇ ನೋಡುತ್ತಿದ್ದ. ಈಗ ಒರೆಸಿದರೆ ಅವನು ಕ್ರಿಮಿಯೆಂದು ತಿಳಿಯುವುದಿಲ್ಲ, ಮೈಲಿಗೆಯೆಂದೇ ತಿಳಿಯುತ್ತಾನೆ. ಮತ್ತೆಂದೂ ಈ ದೇವಾಲಯದ ಮೆಟ್ಟಿಲು ಹತ್ತುವುದಿಲ್ಲ.

ಕ್ರಿಮಿಗಳ ಬಗ್ಗೆ ಮಾಸ್ತರರ ಅಭಿಪ್ರಾಯ ಎಳ್ಳಷ್ಟೂ ಬದಲಾಗಿರಲಿಲ್ಲ. ಆದರೂ ಕರವಸ್ತ್ರವನ್ನು ಜೇಬಿಗೆ ತುರುಕಿ, ನೀಲಪ್ಪನ ತುಟಿ ತಾಗಿದ ಕಡೆಯೇ ತುಟಿಯಿಟ್ಟು ನಿಧಾನವಾಗಿ ಕುಡಿದರು. ಆಮೇಲೆ ಪಾತ್ರೆಯನ್ನು ಪಕ್ಕಕ್ಕೆ ಚಾಚಿದರು.

"ಲಗೂ ತಗೋರಿ, ಜಕರಿಯಪ್ಪಣ್ಣ. ಹಿಂದ ಇನ್ನೂ ಮಂದಿ ನಿಂತಾರ."

ಜಕರಿಯಪ್ಪ ಪಾದ್ರಿಗಳತ್ತ ನೋಡಿದರು, ನೀಲಪ್ಪನತ್ತ ನೋಡಿದರು, ಕೊನೆಗೆ ಎರಡೂ ಕೈ ಮುಂದೆ ಮಾಡಿದರು.